ಹೋಲ್ಮತ್ ಬಾಯಿಗೆ ಬಟ್ಟೆ ಕಟ್ಟಿದ್ದು

ನಮಂಗಾನ್ ಪಟ್ಟಣದ ಹೊರಮಗ್ಗುಲಲ್ಲಿ, ದೊಡ್ಡ ಕಾಲುವೆಯ ಆಚೆಗಿನ ಕೇರಿಯಲ್ಲಿ, ಹೋಲ್ಮತನ ನಾಲಗೆಗೆ ಸಿಕ್ಕದೆ ಉಳಿದ ಗಂಡಸು ಒಬ್ಬನೂ ಇರಲಿಲ್ಲ. ಸಂತೆಬೀದಿಯ ಮೂಲೆಯಲ್ಲಿ ಅವನದು ಕ್ಷೌರದಂಗಡಿ. ಕತ್ತಿ ಒಂದು ಕೆನ್ನೆಯ ಮೇಲೆ ಹರಿಯುತ್ತಿದ್ದರೆ ಮಾತು ಇನ್ನೊಂದು ಕೆನ್ನೆಯ ಮೇಲೆ ಹರಿಯುತ್ತಿತ್ತು. ಕತ್ತಿ ತಾಗಿತೆಂದು ದೂರಿದವರು ಯಾರೂ ಇಲ್ಲ, ಮಾತು ತಾಗದೆ ಕುರ್ಚಿಯಿಂದ ಎದ್ದವರೂ ಇಲ್ಲ. ಮಂಡಿನೋವು ಜೋರಾಗಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ಕತ್ತಿಗೆ ವಿಶ್ರಾಂತಿ ಸಿಕ್ಕಿತು, ನಾಲಗೆಗೆ ಸಿಗಲಿಲ್ಲ.

ವಾರಕ್ಕೊಮ್ಮೆ ಗೆಳೆಯರ ಕೂಟ ಸೇರುತ್ತಿತ್ತು, ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ. ಪಲಾವ್ ಮುಗಿದು ಹಸಿರು ಚಹಾದ ಬಟ್ಟಲು ಕೈಗೆ ಬಂತೆಂದರೆ ಆಸ್ಕಿಯಾ ಶುರು. ಯಾರಾದರೂ ಒಂದು ವಿಷಯ ಎಸೆಯಬೇಕು. ಕಲ್ಲಂಗಡಿಯೋ, ಕುದುರೆಯೋ, ಮಾವನ ಮನೆಯೋ. ಆಮೇಲೆ ಆ ವಿಷಯ ಬಿಟ್ಟು ಆಚೀಚೆ ಕದಲದೆ ಒಬ್ಬರ ಕಾಲನ್ನೊಬ್ಬರು ಎಳೆಯಬೇಕು. ಮರುಮಾತು ಹೊಳೆಯದವನು ಎದೆಗೆ ಕೈಯಿಟ್ಟು ತಲೆ ಬಾಗಿಸಬೇಕು. ಹೋಲ್ಮತ್ ತಲೆ ಬಾಗಿಸಿದ್ದನ್ನು ಕಂಡವರು ಕಡಿಮೆ. ತಂದೂರಿನಲ್ಲಿ ಮಾಂಸ ತುಂಬಿದ ಸಾಮ್ಸಾ ಸುಡುವ ಮಮಾಸೋಲಿಗೆ ಮಾತ್ರ ಆ ಭಾಗ್ಯ ಒಂದೆರಡು ಸಲ ಒದಗಿತ್ತು. ಅದನ್ನವನು ಬಿಸಿ ಸಾಮ್ಸಾದ ಜೊತೆಗೆ ಗಿರಾಕಿಗಳಿಗೆಲ್ಲ ಬಡಿಸುತ್ತಿದ್ದ.

ವಿಷಯ ಬತ್ತಿದಾಗ ಹೋಲ್ಮತನಿಗೆ ಎಂದೂ ಬತ್ತದ ಬಾವಿ ಒಂದಿತ್ತು: ಹೆಂಡತಿಯ ಹಸಿರುಮನೆ.

ಇನೋಯತ್ ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹಸಿರುಮನೆ ಕಟ್ಟಿಸಿಕೊಂಡಿದ್ದಳು. ಹೊರಗೆ ಹಿಮ ಕರಗುವ ಮೊದಲೇ ಅದರೊಳಗೆ ಕಲ್ಲಿದ್ದಲ ಒಲೆ ಹೊತ್ತಿಸಿ, ಸಣ್ಣ ಸಣ್ಣ ಗುಳಿಗಳ ಟ್ರೇಗಳಲ್ಲಿ ಪೆಟೂನಿಯಾ, ಸಾಲ್ವಿಯಾ, ಚೆಂಡುಹೂವಿನ ಸಸಿ ಎಬ್ಬಿಸುತ್ತಿದ್ದಳು. ವಸಂತ ಬಲಿತು ನೆಲ ಬೆಚ್ಚಗಾಯಿತೆಂದರೆ ಕೇರಿಯ ಹೆಂಗಸರೆಲ್ಲ ಬುಟ್ಟಿ ಹಿಡಿದು ಅವಳ ಗೇಟಿನ ಮುಂದೆ.

"ನಮ್ಮ ಮನೆಯೋಳಿಗೆ ಇನ್ನೊಬ್ಬ ಗಂಡ ಇದಾನ್ರಪ್ಪಾ," ಎಂದು ಹೋಲ್ಮತ್ ಕೂಟದಲ್ಲಿ ಶುರುಮಾಡುತ್ತಿದ್ದ. "ಪ್ಲಾಸ್ಟಿಕ್ ಅಂಗಿ ತೊಟ್ಟೋನು. ಅವನಿಗೆ ಚಳಿ ಆಗುತ್ತೆ ಅಂತ ನಿದ್ದೆಗಣ್ಣಲ್ಲಿ ಎದ್ದು ಕಲ್ಲಿದ್ದಲು ಹಾಕಿ ಬರ್ತಾಳೆ. ನಂಗೆ ಚಳಿ ಕಣೇ ಅಂದ್ರೆ, ಇನ್ನೊಂದು ಅಂಗಿ ಹಾಕ್ಕೊಳಿ ಅಂತಾಳೆ."

ಗಂಡಸರು ತೊಡೆ ತಟ್ಟಿಕೊಂಡು ನಗುತ್ತಿದ್ದರು. ಕೂಟ ಅವರ ಮನೆಯಲ್ಲಿದ್ದ ದಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಇನೋಯತಳ ಕಿವಿಗೂ ಅದು ಬೀಳುತ್ತಿತ್ತು. ಅವಳು ಏನೂ ಅನ್ನುತ್ತಿರಲಿಲ್ಲ. ಮಾತು ಕಡಿಮೆಯ ಹೆಂಗಸು ಎಂದು ಕೇರಿಯೆಲ್ಲ ನಂಬಿತ್ತು, ಹೋಲ್ಮತನೂ ನಂಬಿದ್ದ. ಮದುವೆಯಾದಾಗಿನಿಂದ ಅವಳ ಬಾಯಿಗೆ ಬರಬೇಕಾದ ಮಾತಿನ ಜಾಗವನ್ನೂ ತಾನೇ ಆಕ್ರಮಿಸಿಕೊಂಡು ಕೂತಿದ್ದೇನೆ ಎನ್ನುವುದು ಅವನಿಗೆ ಹೊಳೆದಿರಲಿಲ್ಲ.

ಆ ವರ್ಷ ಫೆಬ್ರವರಿ ಹತ್ತಿರ ಬಂದಾಗ ಇನೋಯತ್ ಒಲೆಯ ಬೂದಿ ಚೆಲ್ಲಲು ಬಕೆಟ್ ಹಿಡಿದು ಹಸಿರುಮನೆಯಿಂದ ಹೊರಗೆ ಕಾಲಿಟ್ಟವಳು, ಬಾಗಿಲ ಮುಂದೆ ಹೆಪ್ಪುಗಟ್ಟಿದ್ದ ನೀರಿನ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಆಸ್ಪತ್ರೆಯವರು ಅಂಗೈಯಿಂದ ಮೊಣಕೈವರೆಗೆ ಪ್ಲಾಸ್ಟರ್ ಸುತ್ತಿ, ಕೈಯನ್ನು ಕೊರಳಿಗೆ ನೇತುಹಾಕಿ ಕಳುಹಿಸಿದರು.

ಸಮಯ ಮಾತ್ರ ಸರಿಯಾಗಿರಲಿಲ್ಲ. ಪೆಟೂನಿಯಾ ನಿಧಾನದ ಗಿಡ. ಈಗ ಬಿತ್ತಿದರೆ ಮೇ ತಿಂಗಳಲ್ಲಿ ಊರಿನ ಹೂಹಬ್ಬದ ಹೊತ್ತಿಗೆ ಮೊಗ್ಗು, ಇಲ್ಲವಾದರೆ ಬರೀ ಎಲೆ. ಸೊಸೆ ಹಸಿ ಬಾಣಂತಿ, ನಲವತ್ತು ದಿನ ಕೋಣೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಮಗ ಅಂಗಡಿಯಲ್ಲಿ. ನೆರೆಯವರಿಗೆ ಅವರವರ ಹಸಿರುಮನೆ, ಅವರವರ ಬಿತ್ತನೆ.

"ಈ ವರ್ಷ ಒಂದು ಬಿಟ್ಬಿಡೇ," ಎಂದ ಹೋಲ್ಮತ್, ಅವಳಿಗೆ ಚಹಾ ಬಗ್ಗಿಸುತ್ತ.

"ಬಿಡ್ತೀನಿ. ನೀವೂ ಈ ವರ್ಷ ಕೂಟ ಬಿಟ್ಬಿಡಿ."

"ಅದಕ್ಕೂ ಇದಕ್ಕೂ ಏನೇ ಸಂಬಂಧ?"

"ಏನೂ ಇಲ್ಲ. ಸುಮ್ನೆ, ಒಬ್ಬಳೇ ಬಿಡೋದು ಬೇಜಾರು ಅಂತ."

ಹೋಲ್ಮತ್ ಬಟ್ಟಲನ್ನು ಅವಳ ಮುಂದಕ್ಕೆ ಸರಿಸಿದ. ಆಮೇಲೆ ಎರಡೂ ಕೈಗಳನ್ನು ಮುಂದೆ ಚಾಚಿ ಬೆರಳು ಬಿಡಿಸಿದ. "ನೋಡು ಈ ಕೈ. ಎಷ್ಟು ಗಂಟಲ ಮೇಲೆ ಕತ್ತಿ ಆಡಿಸಿದೆ, ಒಂದು ದಿನ ನಡುಗಿಲ್ಲ. ಬೀಜ ಹಾಕೋದು ಏನು ಮಹಾ, ಹೂ ಎತ್ತಿಟ್ಟ ಹಾಗೆ ಹಾಕಿಬಿಡ್ತೀನಿ."

"ಕೈ ಬಗ್ಗೆ ನಂಗೇನೂ ಹೆದ್ರಿಕೆ ಇಲ್ಲ," ಎಂದಳು ಇನೋಯತ್.

ಮರುದಿನ ಬೆಳಿಗ್ಗೆ ಇಬ್ಬರೂ ಹಸಿರುಮನೆಗೆ ಹೋದರು. ಅವಳು ಮಗುಚಿಟ್ಟ ಹಣ್ಣಿನ ಪೆಟ್ಟಿಗೆಯ ಮೇಲೆ, ಒಲೆಯ ಪಕ್ಕ ಕೂತಳು. ಅವನು ಮೇಜಿನ ಮುಂದೆ ನಿಂತು, ಜರಡಿ ಹಿಡಿದ ಮಣ್ಣನ್ನು ಟ್ರೇಯ ಗುಳಿಗಳಿಗೆ ತುಂಬಿ ಹೆಬ್ಬೆರಳಿನಿಂದ ಒತ್ತತೊಡಗಿದ.

"ಅದು ಗಿರಾಕಿ ತಲೆ ಅಲ್ಲ ರೀ, ಹಾಗೆ ಒತ್ತಬೇಡಿ. ಬೇರಿಗೆ ಉಸಿರಾಡೋಕೆ ಜಾಗ ಬೇಕು."

"ಬೇರಿಗೂ ಮೂಗಿದೆಯೇನೇ?"

"ಟ್ರೇ ಎತ್ತಿ ಒಂದು ಸಲ ಮೇಜಿಗೆ ಕುಟ್ಟಿ. ಮೇಲೊಂದು ಹಲಗೆ ಎಳೀರಿ. ಅಷ್ಟೇ."

ಮೊದಲು ಚೆಂಡುಹೂ. ಅದರ ಬೀಜ ಕತ್ತರಿಸಿ ಉದುರಿದ ಮೀಸೆಕೂದಲಿನ ಹಾಗೇ ಇತ್ತು, ಒಂದು ತುದಿ ಕಪ್ಪು, ಇನ್ನೊಂದು ತುದಿ ನರೆತದ್ದು. ಹೋಲ್ಮತನಿಗೆ ಹಳೆಯ ಗೆಳೆಯರನ್ನು ಕಂಡಷ್ಟು ಖುಷಿಯಾಯಿತು. ಗುಳಿಗೊಂದರಂತೆ ಇಟ್ಟು, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಊಟದ ಹೊತ್ತಿಗೆ ಒಂದು ಕಡೆಯ ಕಟ್ಟೆಯ ಮೇಲಿನ ಟ್ರೇಗಳನ್ನೆಲ್ಲ ಮುಗಿಸಿದ. ಈ ಕೆಲಸಕ್ಕಾ ಇಷ್ಟು ವರ್ಷ ಇವಳು ಬೆನ್ನು ನೋವು ಅಂದಿದ್ದು ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಪ್ಲಾಸ್ಟರ್ ಕಂಡು ನುಂಗಿಕೊಂಡ.

ಊಟವಾದ ಮೇಲೆ ಅವಳು ಎಡಗೈಯಿಂದ ಒಂದು ಸಣ್ಣ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟಳು.

"ಎಲ್ಲೇ ಬೀಜ?"

"ನಿಮ್ಮ ಮೂಗಿನ ಕೆಳಗೇ ಇದೆ."

ಹೋಲ್ಮತ್ ಬಗ್ಗಿದ. ಕಾಗದದ ಮಡಿಕೆಯಲ್ಲಿ ಕಂದು ಬಣ್ಣದ ಧೂಳು ಒಂದು ಚಿಟಿಕೆ. "ಇದಾ? ಇದು ನಶ್ಯ ಅಲ್ವೇನೇ?"

ಆ ಮಾತಿನ ಉಸಿರಿಗೇ ಧೂಳಿನ ಅರ್ಧಭಾಗ ಎದ್ದು ಗಾಳಿಯಲ್ಲಿ ಹಾರಿಹೋಯಿತು.

ಇಬ್ಬರೂ ಅದು ಹೋದ ದಿಕ್ಕನ್ನು ನೋಡಿದರು. "ಅದು ಕೆಂಪು ಪೆಟೂನಿಯಾ," ಎಂದಳು ಇನೋಯತ್ ತಣ್ಣಗೆ. "ಅಂಗಡೀದು, ಇನ್ನೊಂದು ಪೊಟ್ಟಣ ಇದೆ. ಈಗ ನಿಮ್ಮ ಭುಜದ ಮೇಲಿರೋ ಟವೆಲ್ ತೆಗೆದು ಬಾಯಿಗೆ ಕಟ್ಕೊಳಿ."

"ನಾನಾ?"

"ಇಲ್ಲಿ ಮಾತಾಡೋರು ಇನ್ಯಾರಿದಾರೆ?"

ಹೀಗೆ ಹೋಲ್ಮತ್ ಬಾಯಿಗೆ ಬಟ್ಟೆ ಕಟ್ಟಿಕೊಂಡ. ಹಲ್ಲುಕಡ್ಡಿಯ ತುದಿಯನ್ನು ನೀರಿಗೆ ತಾಕಿಸಿ, ಆ ಒದ್ದೆ ತುದಿಗೆ ಒಂದೇ ಒಂದು ಬೀಜ ಅಂಟಿಸಿಕೊಂಡು, ಗುಳಿಯ ನಡುವೆ ಇಳಿಸಬೇಕು. ಮೇಲೆ ಮಣ್ಣು ಮುಚ್ಚುವ ಹಾಗಿಲ್ಲ. ಪೆಟೂನಿಯಾ ಬೆಳಕು ಕಂಡರೇ ಕಣ್ಣು ಬಿಡುವುದು. ಮಂಜಿನಂತೆ ನೀರು ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಒಲೆಯ ಹತ್ತಿರ ಇಡಬೇಕು. ಅವನ ಕೈ ನಿಜಕ್ಕೂ ನಡುಗಲಿಲ್ಲ. ಹಸಿರುಮನೆಯಲ್ಲಿ ಕಲ್ಲಿದ್ದಲು ಚಟಪಟ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಇಷ್ಟು ಹೊತ್ತು ಸುಮ್ಮನಿದ್ದದ್ದು ಅವನ ಜನ್ಮದಲ್ಲೇ ಮೊದಲು.

"ರೀ," ಎಂದಳು ಇನೋಯತ್ ಸ್ವಲ್ಪ ಹೊತ್ತಾದ ಮೇಲೆ. "ಮದುವೆ ಆದಾಗಿಂದ ನಿಮಗೊಂದು ಮಾತು ಹೇಳ್ಬೇಕು ಅಂತಿದ್ದೆ."

ಹೋಲ್ಮತ್ ಟವೆಲಿನೊಳಗಿಂದ "ಉಂ?" ಎಂದ.

"ನೀವು ಮುಗಿಸ್ಲಿ ಅಂತ ಕಾಯ್ತಾ ಇದ್ದೆ. ಈಗ ಮರೆತೇ ಹೋಗಿದೆ."

ಹಲ್ಲುಕಡ್ಡಿ ಗುಳಿಯ ಮೇಲೆ ನಿಂತುಬಿಟ್ಟಿತು. ಅವನು ತಲೆ ಎತ್ತಿ ನೋಡಿದ. ಅವಳು ಒಲೆಯ ಕಡೆ ಮುಖ ಮಾಡಿ ಕೂತಿದ್ದಳು.

"ನಿಮ್ಮಮ್ಮ ಹೇಳ್ತಿದ್ರು, ನೀವು ಹುಟ್ಟೋವಾಗ ಮೊದಲು ಹೊರಗೆ ಬಂದಿದ್ದೇ ನಾಲಗೆಯಂತೆ. ಉಳಿದ ಮೈ ಹೋಗೋದೋ ಬೇಡ್ವೋ ಅಂತ ಯೋಚನೆ ಮಾಡಿ, ಆಮೇಲೆ ಬಂತಂತೆ."

ಹೋಲ್ಮತನ ಭುಜ ಅಲುಗಿತು. ಹಲ್ಲು ಕಚ್ಚಿ ಬೀಜ ಇಳಿಸಿದ.

"ಪ್ಲಾಸ್ಟಿಕ್ ಅಂಗಿ ಗಂಡ ಅಂತ ನೀವು ಕೂಟದಲ್ಲಿ ಹೇಳ್ತೀರಲ್ಲ," ಎಂದಳು ಅವಳು, ಯಾವುದೋ ದೂರದ ನೆಂಟರ ಯೋಗಕ್ಷೇಮ ಹೇಳುವ ದನಿಯಲ್ಲಿ, "ಅವನಲ್ಲಿ ಒಂದು ಗುಣ ಇದೆ. ಹಾಕಿದ ಬೀಜಕ್ಕೆ ಉತ್ತರ ಕೊಡ್ತಾನೆ. ಎದುರುತ್ತರ ಕೊಡಲ್ಲ."

ಹೋಲ್ಮತ್ ಹಲ್ಲುಕಡ್ಡಿ ಕೆಳಗಿಟ್ಟು, ಮಂಡಿನೋವು ಮರೆತು ಬಾಗಿಲ ಕಡೆ ಓಡಿದ. ಹೊರಗೆ ಹಿಮದಲ್ಲಿ ನಿಂತು ಟವೆಲ್ ಕೆಳಗೆಳೆದು ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ ಕಣ್ಣೊರೆಸಿಕೊಂಡು, ಬಟ್ಟೆ ಕಟ್ಟಿಕೊಂಡು ಒಳಗೆ ಬಂದ. ಅರ್ಧ ಸಾಲು ಮುಗಿಯುವಷ್ಟರಲ್ಲಿ ಮತ್ತೆ ಹೊರಗೆ. ಆ ದಿನ ಹೀಗೆ ಎಷ್ಟು ಸಲ ಓಡಿದನೋ. ಅವಳು ಒಮ್ಮೆಯೂ ನಗಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು. ಇಂಥ ನಾಲಗೆ ತನ್ನ ಮನೆಯಲ್ಲೇ, ತನ್ನ ಪಕ್ಕದ ಹಾಸಿಗೆಯಲ್ಲೇ ಇದ್ದು, ತಾನು ಊರೆಲ್ಲ ಜಗಳಗಂಟ ಬಾಯಿಗಳನ್ನು ಹುಡುಕಿಕೊಂಡು ಅಲೆದೆನಲ್ಲ ಎಂದುಕೊಂಡ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಹಿಮದಲ್ಲಿ ಒಬ್ಬನೇ ನಿಂತು ನಗುವ ಮುದುಕನನ್ನು ನೆರೆಮನೆಯವರು ನೋಡದಿರುತ್ತಾರೆಯೇ? ಎರಡು ದಿನದಲ್ಲಿ ಸುದ್ದಿ ಮಮಾಸೋಲಿಯ ತಂದೂರಿಗೆ ತಲುಪಿತು. ಅವನು ಕೈಗೆ ಅಂಟಿದ ಹಿಟ್ಟನ್ನೂ ಸರಿಯಾಗಿ ತೊಳೆಯದೆ, ಸಾಮ್ಸಾದ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹಸಿರುಮನೆಗೆ ಬಂದ.

"ಸಲಾಂ ಅತ್ತಿಗೆ! ಹೋಲ್ಮತಣ್ಣನ ನಾಲಗೆ ತೀರ್ಕೊಂಡಿತು ಅಂತ ಕೇಳಿದೆ. ಸಂತಾಪ ಹೇಳೋಣ ಅಂತ ಬಂದೆ."

ಹೋಲ್ಮತ್ ಟವೆಲಿನ ಮೇಲಿಂದ ಕಣ್ಣು ಕೆಕ್ಕರಿಸಿದ. ಹಲ್ಲುಕಡ್ಡಿಯ ತುದಿಯಲ್ಲಿ ಬೀಜವಿತ್ತು.

"ಆಹಾ," ಎಂದು ಮಮಾಸೋಲಿ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕೂತ. "ಇಂಥ ದಿನ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ. ವಿಷಯ ಬೀಜ, ಆಯ್ತಾ? ನಾನೇ ಶುರು ಮಾಡ್ತೀನಿ. ಹೋಲ್ಮತಣ್ಣ, ಜೀವಮಾನವೆಲ್ಲ ಕೇರಿ ತಲೆ ಬೋಳಿಸಿದೆ. ಈಗ ಕೂತು ನೆಲಕ್ಕೆ ಕೂದಲು ನೆಡ್ತಾ ಇದೀಯ. ಪಾಪ ತೊಳ್ಕೊಳ್ತಾ ಇದೀಯೇನು?"

ಮಾತಿಲ್ಲ.

"ಇದಕ್ಕೆ ಮಣ್ಣು ಮುಚ್ಚಲ್ವಂತೆ? ಹಾಗಾದ್ರೆ ಈ ಮನೇಲಿ ಮುಚ್ಚಿರೋದು ನಿನ್ನ ಬಾಯಿ ಒಂದೇ."

ಹೋಲ್ಮತನ ಹಣೆಯ ನರ ಉಬ್ಬಿತು. ಎರಡಕ್ಕೂ ಉತ್ತರ ನಾಲಗೆಯ ಮೇಲೇ ಕುಣಿಯುತ್ತಿತ್ತು, ಒಂದಕ್ಕಂತೂ ಮೂರು ಉತ್ತರ. ಆದರೆ ಬಿಚ್ಚಿದ ಪೊಟ್ಟಣ ಎದುರಿಗಿತ್ತು.

ಮಮಾಸೋಲಿಗೆ ರುಚಿ ಹತ್ತಿತು. ತಂದೂರಿನಿಂದ ಮೊದಲ ಕಂತಿನ ಸಾಮ್ಸಾ ಇಳಿಸಿದ್ದೇ ತಡ, ದಿನವೂ ಬಂದು ಕೂರತೊಡಗಿದ. ಕೇರಿಯಲ್ಲಿ ತಾನು ಗೆದ್ದ ಆಸ್ಕಿಯಾಗಳ ಲೆಕ್ಕವನ್ನು ಏರಿಸುತ್ತಲೇ ಹೋದ. ಪರಗಂಡಸಿನ ಎದುರು ಇನೋಯತ್ ಮತ್ತೆ ಹಳೆಯ ಇನೋಯತಳಾಗಿ, ತಲೆವಸ್ತ್ರ ಸರಿಮಾಡಿಕೊಂಡು ಸುಮ್ಮನೆ ಕೂರುತ್ತಿದ್ದಳು.

ಕೊನೆಗೆ ಒಂದೇ ಒಂದು ಪೊಟ್ಟಣ ಉಳಿಯಿತು. ಅದು ಅಂಗಡಿಯದಲ್ಲ. ಇನೋಯತ್ ಮದುವೆಯಾಗಿ ಬರುವಾಗ ತನ್ನ ತಾಯಿಯ ಅಂಗಳದಿಂದ ತಲೆವಸ್ತ್ರದ ತುದಿಗೆ ಕಟ್ಟಿಕೊಂಡು ಬಂದ ಬಿಳಿ ಪೆಟೂನಿಯಾ. ಅದರಿಂದ ವರ್ಷವರ್ಷವೂ ತಾನೇ ಬಿಡಿಸಿ ಒಣಗಿಸಿ ಎತ್ತಿಟ್ಟ ಬೀಜ. ಹೂ ಅಂಥ ದೊಡ್ಡದಲ್ಲ, ಗಿಡ ಚೆದರಿಕೊಂಡು ಬೆಳೆಯುತ್ತದೆ. ಆದರೆ ಹೊತ್ತು ಇಳಿದ ಮೇಲೆ ಲವಂಗದಂಥ ಒಂದು ಪರಿಮಳ ಬಿಡುತ್ತದೆ. ಈಗಿನ ಅಂಗಡಿ ಪೆಟೂನಿಯಾಗಳಿಗೆ ಬಣ್ಣ ಉಂಟು, ಆ ವಾಸನೆ ಇಲ್ಲ. ತಾಯಿಯ ಮನೆಯನ್ನು ರಸ್ತೆ ಅಗಲ ಮಾಡಲು ಕೆಡವಿ ಎಷ್ಟೋ ಕಾಲವಾಗಿತ್ತು.

ಹೋಲ್ಮತ್ ಆ ಪೊಟ್ಟಣ ಬಿಚ್ಚಿಟ್ಟುಕೊಂಡು ಮೊದಲ ಬೀಜ ಎತ್ತಿಕೊಳ್ಳುತ್ತಿದ್ದಾಗ ಮಮಾಸೋಲಿ ಸಾಮ್ಸಾ ಕಚ್ಚುತ್ತ, "ಅತ್ತಿಗೆ, ಈ ಆಳನ್ನ ನಂಗೆ ಕೊಟ್ಬಿಡಿ," ಎಂದ. "ನನ್ನ ಒಲೆಗೂ ಬಾಯಿ ಇಲ್ಲದ ಆಳು ಒಬ್ಬ ಬೇಕಾಗಿತ್ತು."

ಇನೋಯತ್ ಟ್ರೇಯ ಮೇಲಿಂದ ಕಣ್ಣೆತ್ತಲಿಲ್ಲ. "ಕರ್ಕೊಂಡು ಹೋಗಪ್ಪ ಮಮಾಸೋಲಿ. ಆದ್ರೆ ನಿನ್ನ ಹತ್ರ ಇವರಿಗೆ ಕಷ್ಟ ಆಗುತ್ತೆ. ಪೆಟೂನಿಯಾ ಬೀಜಾನಾದ್ರೂ ಇವರು ಕನ್ನಡಕ ಹಾಕ್ಕೊಂಡು ಹುಡುಕ್ತಾರೆ. ನಿನ್ನ ಸಾಮ್ಸಾ ಒಳಗೆ ಮಾಂಸ ಹುಡುಕೋ ಅಷ್ಟು ಒಳ್ಳೆ ಕಣ್ಣು ಇವರದಲ್ಲ."

ಕಚ್ಚಿದ ಸಾಮ್ಸಾ ಮಮಾಸೋಲಿಯ ಬಾಯಲ್ಲೇ ಉಳಿಯಿತು. ಅವನ ಕಣ್ಣು ಸಾಮ್ಸಾದ ಒಳಗನ್ನು ನೋಡಿ, ಮತ್ತೆ ಇನೋಯತಳನ್ನು ನೋಡಿತು. ಆ ಮುಖ ಕಂಡದ್ದೇ ಹೋಲ್ಮತನ ತಾಳ್ಮೆಯ ಕಟ್ಟೆ ಒಡೆಯಿತು. ಇಷ್ಟು ದಿನ ಅದುಮಿಟ್ಟಿದ್ದ ನಗುವೆಲ್ಲ ಒಟ್ಟಿಗೆ ನುಗ್ಗಿ, ಟವೆಲ್ ಕುತ್ತಿಗೆಗೆ ಜಾರಿ, ಅವನು ಮೇಜಿನ ಮೇಲೆ ಬಾಗಿ ಹೋ ಎಂದು ನಕ್ಕ.

ನಗು ನಿಂತಾಗ ಕಾಗದ ನೆಲದ ಮೇಲಿತ್ತು. ಅದರ ಮೇಲೆ ಏನೂ ಇರಲಿಲ್ಲ.

ಬಿಸಿಲಿನ ಕೋಲಿನಲ್ಲಿ ಕಂದು ಧೂಳು ಇನ್ನೂ ನಿಧಾನವಾಗಿ ಇಳಿಯುತ್ತಿತ್ತು, ನೆಲದ ಮೇಲೆ, ಚೆಂಡುಹೂವಿನ ಟ್ರೇಗಳ ಮೇಲೆ, ಮಮಾಸೋಲಿಯ ಟೋಪಿಯ ಮೇಲೆ.

ಬೈದಿದ್ದರೆ ಚೆನ್ನಾಗಿತ್ತು. ಇನೋಯತ್ ಎದ್ದು, ಖಾಲಿ ಕಾಗದವನ್ನು ಎತ್ತಿಕೊಂಡು, ಅದನ್ನು ಹಳೆಯ ಮಡಿಕೆಯಲ್ಲೇ ಮಡಿಸಿ, ಮನೆಯೊಳಗೆ ಹೋದಳು. ಮಮಾಸೋಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಏನು ಮಾಡುವುದೆಂದು ತಿಳಿಯದೆ, ಟ್ರೇಯೊಂದರ ಮೇಲೆ ಅದನ್ನು ಮೆಲ್ಲಗೆ ಕೊಡವಿದ. "ಹೋಲ್ಮತಣ್ಣ, ನಾನು ಬರ್ತೀನಿ," ಎಂದು ಸಾಮ್ಸಾದ ಗಂಟನ್ನು ಅಲ್ಲೇ ಬಿಟ್ಟು ಹೊರಟುಹೋದ.

ಹೋಲ್ಮತ್ ಕುತ್ತಿಗೆಗೆ ಜಾರಿದ್ದ ಟವೆಲ್ ಬಿಚ್ಚಿಟ್ಟ. ಆಡಿದ ಮಾತಿಗೆ ಅವನು ಒಂದೆರಡು ಸಲ ಪಶ್ಚಾತ್ತಾಪ ಪಟ್ಟದ್ದುಂಟು. ನಕ್ಕಿದ್ದಕ್ಕೆ ಪಟ್ಟಿದ್ದು ಇದೇ ಮೊದಲು. ಪೊರಕೆ ಹಿಡಿದ, ಮತ್ತೆ ಇಟ್ಟ. ಗುಡಿಸಿ ಧೂಳಿನಲ್ಲಿ ಧೂಳು ಹುಡುಕುವುದು ಹೇಗೆ? ಆಗ ಅವಳು ಕಲಿಸಿದ್ದೇ ನೆನಪಾಯಿತು. ಈ ಬೀಜಕ್ಕೆ ಮಣ್ಣು ಮುಚ್ಚಬೇಕಾಗಿಲ್ಲ, ಬಿದ್ದಲ್ಲೇ ಬಿದ್ದಿರಬೇಕು. ಬೇಕಾದದ್ದು ತೇವ, ಬೆಳಕು, ಬಿಸಿ. ಹಾಗಾದರೆ ಹಸಿರುಮನೆಯ ನೆಲವನ್ನೇ ಒಂದು ದೊಡ್ಡ ಟ್ರೇ ಎಂದುಕೊಂಡರಾಯಿತು.

ಸಿಂಪಡಿಸುವ ಡಬ್ಬಿಗೆ ನೀರು ತುಂಬಿ, ಮೇಜಿನಿಂದ ಒಲೆಯವರೆಗೆ, ಒಲೆಯಿಂದ ಬಾಗಿಲವರೆಗೆ ನೆಲವೆಲ್ಲ ಮಂಜು ಹಾಯಿಸಿದ. ಇಟ್ಟಿಗೆಗಳ ಮೇಲೆ ಹಲಗೆ ಹಾಕಿ ಓಡಾಡಲು ಸೇತುವೆ ಮಾಡಿಕೊಂಡ. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಮಂಡಿಗೆ ಹಳೆಯ ದಿಂಬು ಕಟ್ಟಿಕೊಂಡು ಹಲಗೆಯ ಮೇಲೆ ತೆವಳುತ್ತ ಸಿಂಪಡಿಸಿದ. ಕಲ್ಲಿದ್ದಲು ತಂದ ಗಾಡಿಯವನು ಕಾಲು ಕೆಳಗಿಟ್ಟದ್ದಕ್ಕೆ ಅವನಿಗೆ ಸಿಕ್ಕ ಬೈಗುಳ ಕೇರಿಯ ಕೊನೆಯವರೆಗೆ ಕೇಳಿಸಿತು. "ಹೋಲ್ಮತ್ ಈಗ ನೆಲಕ್ಕೆ ನೀರು ಹಾಕ್ತಾನಂತೆ, ಮನೆ ಇನ್ನೂ ಎತ್ತರ ಬೆಳೀಲಿ ಅಂತ," ಎಂದು ಕೂಟದಲ್ಲಿ ನಕ್ಕರಂತೆ. ಅವನು ಕೂಟಕ್ಕೆ ಹೋಗಲೇ ಇಲ್ಲ.

ಇನೋಯತ್ ಬಾಗಿಲವರೆಗೆ ಬಂದು ನೋಡಿ ಹೋಗುತ್ತಿದ್ದಳು. ಊಟಕ್ಕೆ ಕರೆಯುತ್ತಿದ್ದಳು, ಮಂಡಿಗೆ ಕುರಿಕೊಬ್ಬು ಹಚ್ಚಲು ಸೊಸೆಯ ಕೋಣೆಯಿಂದ ಡಬ್ಬಿ ತಂದು ಅವನ ಪಕ್ಕ ಇಡುತ್ತಿದ್ದಳು. ಪೆಟೂನಿಯಾದ ಮಾತು ಮಾತ್ರ ಎತ್ತಲಿಲ್ಲ.

ಮಾರ್ಚ್ ಬಂತು. ಕಟ್ಟೆಯ ಮೇಲಿನ ಟ್ರೇಗಳಲ್ಲಿ ಸಾಲ್ವಿಯಾ, ಕೆಂಪು ಪೆಟೂನಿಯಾ, ಚೆಂಡುಹೂ ಎಲ್ಲ ಅಚ್ಚುಕಟ್ಟಾಗಿ ತಲೆಯೆತ್ತಿದ್ದವು. ಒಂದು ಬೆಳಿಗ್ಗೆ ಹೋಲ್ಮತ್ ಹಲಗೆಯ ಮೇಲೆ ಮಂಡಿಯೂರಿ ಬಗ್ಗಿದವನು ಹಾಗೇ ಉಳಿದುಬಿಟ್ಟ. ನೆಲದ ಮೇಲೆ ಹಸಿರು ಚುಕ್ಕೆಗಳು! ಒಲೆಯ ಸುತ್ತ, ಇಟ್ಟಿಗೆಗಳ ಸಂದಿಯಲ್ಲಿ, ಎಲ್ಲಿ ನೋಡಿದರಲ್ಲಿ.

ಅಂದಿನಿಂದ ಅವನ ಬಾಯಿಗೆ ಮತ್ತೆ ಜೀವ ಬಂತು. ಆ ಮೊಳಕೆಗಳಿಗೆ ಸಲಾಂ ಹೇಳಿದ, ಯೋಗಕ್ಷೇಮ ವಿಚಾರಿಸಿದ, ಮಮಾಸೋಲಿಯ ದೂರು ಹೇಳಿದ. ಅಕ್ಕಪಕ್ಕ ಬಂದ ಹುಲ್ಲನ್ನು ಮೂಗಿನ ಕೂದಲು ಕೀಳುವ ಚಿಮುಟದಿಂದ ಒಂದೊಂದಾಗಿ ಕಿತ್ತ. ಕೆಂಪುಗೂಡಿದ ಕಾಂಡ, ದಪ್ಪ ಎಲೆ. ದಿನದಿನಕ್ಕೆ ಮೈ ತುಂಬಿಕೊಂಡವು. ಆಮೇಲೆ ಧೈರ್ಯ ಮಾಡಿ ಇನೋಯತಳನ್ನು ಕರೆತಂದು ತೋರಿಸಿದ.

"ನೋಡೇ. ನಿಮ್ಮಮ್ಮನ ಹೂ."

ಅವಳು ಬಗ್ಗಿ ನೋಡಿದಳು. ಎಡಗೈಯಿಂದ ತುಟಿ ಒರೆಸಿಕೊಂಡಳು. "ಚೆನ್ನಾಗಿ ಬಂದಿದೆ."

"ನನ್ನ ಕೈಗುಣ ನೋಡಿದ್ಯಾ!"

"ನೋಡಿದೆ. ಇನ್ನೊಂದು ವಾರ ಹೀಗೇ ನೀರು ಹಾಕಿ, ಎಳೇದಾಗಿರ್ಲಿ."

ಎಳೇದಾಗಿರಲಿ ಎಂದದ್ದು ಯಾಕೆ ಎಂದು ಹೋಲ್ಮತ್ ಯೋಚಿಸಲಿಲ್ಲ. ಅವಳು ತನ್ನೊಡನೆ ಮತ್ತೆ ಹೂವಿನ ಮಾತಾಡಿದಳಲ್ಲ ಎನ್ನುವ ಖುಷಿಗೆ ಅಂದು ದಿಂಬಿಲ್ಲದೆಯೇ ತೆವಳಿದ.

ವಾರ ಕಳೆದು ಇನೋಯತ್ ಒಂದು ಬೋಗುಣಿಯನ್ನೂ ಚಾಕುವನ್ನೂ ಹಿಡಿದು ಬಂದಳು. ಪ್ಲಾಸ್ಟರ್ ತೆಗೆದಾಗಿತ್ತು, ಬಲಗೈ ಇನ್ನೂ ಬಿಗಿದೇ ಇತ್ತು. ಅವಳು ಎಡಗೈಯಲ್ಲಿ ಚಾಕು ಹಿಡಿದು, ಒಲೆಯ ಪಕ್ಕದ ಹಸಿರನ್ನು ಸರಸರ ಕೊಯ್ದು ಬೋಗುಣಿಗೆ ಹಾಕತೊಡಗಿದಳು.

"ಅಯ್ಯಯ್ಯೋ! ಏನೇ ಮಾಡ್ತಾ ಇದೀಯ? ತಲೆ ಕೆಟ್ಟಿದ್ಯಾ?"

"ಸಂಜೆಗೆ ಸಾಮ್ಸಾ. ಗೋಣಿಸೊಪ್ಪು ಇಷ್ಟು ಎಳೇದು ಸಂತೇಲೂ ಸಿಗಲ್ಲ."

ಹೋಲ್ಮತ್ ಬೋಗುಣಿಯೊಳಗೆ ಇಣುಕಿದ. 'ಗೋಣಿಸೊಪ್ಪು.' ಕಾಲುವೆಯ ದಂಡೆಯಲ್ಲಿ ಕತ್ತೆ ಮೇಯುವ ಗೋಣಿಸೊಪ್ಪು. ಅದಕ್ಕೆ ಅವನು ಬೆಳಿಗ್ಗೆ ಸಲಾಂ ಹೇಳಿದ್ದ.

ಮೊದಲು ಬೋಗುಣಿ ನಡುಗಿತು, ಆಮೇಲೆ ಅವಳ ಭುಜ. ಇನೋಯತ್ ಪೆಟ್ಟಿಗೆಯ ಮೇಲೆ ಕೂತು, ಚಾಕು ಕೆಳಗಿಟ್ಟು ನಕ್ಕಳು; ತಲೆವಸ್ತ್ರ ಜಾರುವ ತನಕ ನಕ್ಕಳು. ಅವಳು ಹಾಗೆ ನಗುವುದನ್ನು ಹೋಲ್ಮತ್ ನೋಡಿಯೇ ಇರಲಿಲ್ಲ. ಜೀವಮಾನವೆಲ್ಲ ಕೇರಿಯನ್ನು ನಗಿಸಿದವನು ಮನೆಯವಳನ್ನು ನಗಿಸಲು ಗೋಣಿಸೊಪ್ಪು ಬೆಳೆಯಬೇಕಾಯಿತು.

"ನಿಂಗೆ ಮೊದಲೇ ಗೊತ್ತಿತ್ತಾ?" ಎಂದ, ಹಲಗೆಯ ಮೇಲೆ ಕುಸಿದು ಕೂತು.

"ಮೊದಲ ದಿನವೇ ಗೊತ್ತಿತ್ತು."

"ಹೇಳೋಕೇನಾಗಿತ್ತು?"

"ಏನು ಹೇಳ್ಲಿ? ಅಷ್ಟು ಪ್ರೀತಿಯಿಂದ ಮಾತಾಡಿಸ್ತಿದ್ರಿ. ನನ್ನನ್ನೇ ಯಾವತ್ತೂ ಹಾಗೆ ಮಾತಾಡಿಸಿಲ್ಲ."

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಲೆ ತಗ್ಗಿಸಿ, "ಹಾಗಾದ್ರೆ ನಿಮ್ಮಮ್ಮನ ಹೂ ಹೋಯ್ತು," ಎಂದ. "ನಾನು ನಕ್ಕು ನಕ್ಕು ಹಾಳು ಮಾಡಿಬಿಟ್ಟೆ ಕಣೇ."

ಇನೋಯತ್ ನಗು ನಿಲ್ಲಿಸಿ ಕಣ್ಣೊರೆಸಿಕೊಂಡಳು. ಎದ್ದು ಬಂದು ಅವನ ತೋಳು ಹಿಡಿದು ಎಬ್ಬಿಸಿ, ಚೆಂಡುಹೂವಿನ ಟ್ರೇಗಳ ಹತ್ತಿರ ಕರೆದುಕೊಂಡು ಹೋದಳು. ಎತ್ತರದ ಚೆಂಡುಹೂ ಸಸಿಯ ಬುಡದಲ್ಲಿ ಒಂದು ಸಣ್ಣ ದುಂಡು ಎಲೆಯ ಜೋಡಿ ಇತ್ತು. "ಇದನ್ನ ಮುಟ್ಟಿ. ಮೆಲ್ಲಗೆ. ಬೆರಳಿಗೆ ಅಂಟುತ್ತಾ?"

ಅಂಟಿತು. ತೀರಾ ಸ್ವಲ್ಪ, ಜೇನು ಒರೆಸಿದ ಮೇಲೆ ಉಳಿಯುವಷ್ಟು.

"ಪೆಟೂನಿಯಾ ಅಂದ್ರೆ ಇದು. ಎಲೆಗೆ ಅಂಟು ಇರುತ್ತೆ. ನೆಲಕ್ಕೆ ಬಿದ್ದದ್ದನ್ನ ಈ ಸೊಪ್ಪು ಏಳೋಕೆ ಬಿಡಲಿಲ್ಲ. ಟ್ರೇ ಮೇಲೆ ಬಿದ್ದದ್ದು ಎದ್ದಿದೆ. ನೀವು ನೆಲಕ್ಕೆ ಹೊಡೆದ ನೀರಿನ ಮಂಜು ಇವಕ್ಕೂ ಬೀಳ್ತಿತ್ತಲ್ಲ, ಅದಕ್ಕೇ ಒಣಗಲಿಲ್ಲ. ಹುಡುಕಿ, ಇನ್ನೂ ಇದಾವೆ."

ಹೋಲ್ಮತ್ ಕನ್ನಡಕ ಏರಿಸಿದ. ಟ್ರೇಯಿಂದ ಟ್ರೇಗೆ, ಗುಳಿಯಿಂದ ಗುಳಿಗೆ, ಚೆಂಡುಹೂವಿನ ಕಾಂಡ ಸರಿಸಿ ಸರಿಸಿ ಮುಟ್ಟುತ್ತ ಹೋದ. ಅಂಟಿದಾಗೊಮ್ಮೆ "ಇಲ್ಲೊಂದು!" ಎಂದು ಕೂಗಿದ. ಮಮಾಸೋಲಿ ಟೋಪಿ ಕೊಡವಿದ್ದ ಟ್ರೇಯಲ್ಲಿ ಒಂದೇ ಗುಳಿಯಲ್ಲಿ ಪುಟ್ಟ ಗುಂಪೇ ಇತ್ತು. ಇನೋಯತ್ ಎಡಗೈಯಲ್ಲಿ ಚಮಚದ ಹಿಡಿ ಹಿಡಿದು ಸಸಿಯನ್ನು ಬುಡದ ಮಣ್ಣಿನ ಸಮೇತ ಎಬ್ಬಿಸುವುದು, ಹೋಲ್ಮತ್ ಎಲೆಯ ತುದಿ ಹಿಡಿದು ಹೊಸ ಟ್ರೇಯ ಗುಳಿಗೆ ಇಳಿಸುವುದು. ಕಾಂಡ ಮುಟ್ಟಬಾರದು, ಜಜ್ಜಿಹೋಗುತ್ತದೆ ಎಂದು ಅವಳು ಹೇಳಿದಳು. ಕೂದಲೆಳೆಯಂಥ ಕಾಂಡ ಮುಟ್ಟದೆ ಹಿಡಿಯುವುದು ಕ್ಷೌರದವನಿಗೆ ಕಷ್ಟವಾಗಲಿಲ್ಲ. ಒಂದು ಟ್ರೇ ತುಂಬಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚೇ ಆಯಿತು.

ಸಂಜೆ ಗೋಣಿಸೊಪ್ಪಿನ ಸಾಮ್ಸಾ ಆಯಿತು. ಹೋಲ್ಮತ್ ತಿನ್ನುವುದಿಲ್ಲ ಎಂದು ಹಟ ಹಿಡಿದ, ಆಮೇಲೆ ತಿಂದ, ಇನ್ನೊಂದು ಕೇಳಿದ.

ಏಪ್ರಿಲ್ ಕೊನೆಯಲ್ಲಿ ಕೂಟದ ಸರದಿ ಅವರ ಮನೆಗೇ ಬಂತು. ಹಿಪ್ಪುನೇರಳೆ ಮರದ ಕೆಳಗೆ ಜಮಖಾನ ಹಾಸಿ ಎಲ್ಲರೂ ಕೂತರು. ಮಮಾಸೋಲಿ ಅಂದಿನ ಮೇಲೆ ಮೊದಲ ಸಲ ಆ ಅಂಗಳಕ್ಕೆ ಕಾಲಿಟ್ಟಿದ್ದ. ತಂದಿದ್ದ ಸಾಮ್ಸಾಗಳಲ್ಲಿ ಮಾಂಸ ಹೊರಗೆ ಇಣುಕುವಷ್ಟಿತ್ತು. ಪಲಾವ್ ಮುಗಿದ ಮೇಲೆ ಹೋಲ್ಮತ್ ವಿಷಯ ಎಸೆಯಲು ಯಾರಿಗೂ ಅವಕಾಶ ಕೊಡದೆ, ಗೋಣಿಸೊಪ್ಪಿನ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಹೇಳಿದ. ಸಲಾಂ ಹೇಳಿದ್ದನ್ನೂ ಬಿಡಲಿಲ್ಲ, ಚಿಮುಟದಿಂದ ಹುಲ್ಲು ಕಿತ್ತದ್ದನ್ನೂ ಬಿಡಲಿಲ್ಲ. ಗಂಡಸರು ಜಮಖಾನದ ಮೇಲೆ ಉರುಳಿದರು.

"ಸುಳ್ಳು ರೀ," ಎಂದಿತು ಜಗುಲಿಯ ಕಡೆಯಿಂದ ಒಂದು ದನಿ. ಇನೋಯತ್ ಚಹಾದ ಕೆಟಲ್ ಹಿಡಿದು ನಿಂತಿದ್ದಳು. "ಬರೀ ಸಲಾಂ ಅಲ್ಲ. ಒಂದಕ್ಕೆ ಹೆಸರೂ ಇಟ್ಟಿದ್ರು."

"ಏನಂತ ಅತ್ತಿಗೆ?" ಎಂದು ನಾಲ್ಕಾರು ಜನ ಒಟ್ಟಿಗೆ ಕೇಳಿದರು.

"ಮಮಾಸೋಲಿ ಅಂತ. ಕರೀದೇ ಬರೋದು, ಕಿತ್ತಷ್ಟೂ ಮತ್ತೆ ಬರೋದು ಅಂತ."

ಮಮಾಸೋಲಿ ಎದ್ದು ನಿಂತ. ಎದೆಗೆ ಕೈಯಿಟ್ಟು, ಜಗುಲಿಯ ಕಡೆಗೆ ತಿರುಗಿ, ಸೊಂಟದವರೆಗೆ ಬಾಗಿದ. ಹೋಲ್ಮತ್ ಹೆಸರು ಗಿಸರು ಯಾವುದಕ್ಕೂ ಇಟ್ಟಿರಲಿಲ್ಲ; ಆದರೆ ಅಂಥ ಮಾತನ್ನು ಸುಳ್ಳೆನ್ನಲು ಅವನಿಗೆ ಮನಸ್ಸು ಬರಲಿಲ್ಲ.

ಬಿಳಿ ಪೆಟೂನಿಯಾಗಳು ಗುಳಿ ತುಂಬ ಬೇರು ಹೆಣೆದುಕೊಂಡು ನೆಡುವ ಹದಕ್ಕೆ ಬಂದವು. ಹೋಲ್ಮತ್ ಅವುಗಳಿಗಾಗಿ ಗೇಟಿನ ಒಳಗೆ, ಕಿಟಕಿಯ ಕೆಳಗೆ, ಒಳ್ಳೆಯ ಮಡಿ ಮಾಡಿಟ್ಟಿದ್ದ. ಇನೋಯತ್ ನಾಲ್ಕು ಸಸಿ ಮಾತ್ರ ಅಲ್ಲಿ ನೆಟ್ಟಳು. ಉಳಿದವನ್ನು ಒಂದೊಂದಾಗಿ ಟ್ರೇಯಿಂದ ಕೆಳಗಿನಿಂದ ಒತ್ತಿ ತೆಗೆದು, ಹಳೆಯ ಬಟ್ಟಲುಗಳಲ್ಲಿ, ಡಬ್ಬಿಗಳಲ್ಲಿ ಇಟ್ಟು, ಕೈಗಾಡಿಯ ಮೇಲೆ ಸಾಲಾಗಿ ಜೋಡಿಸಿದಳು.

"ಇದೇನೇ?"

"ಮನೆಗೊಂದು. ಕೊಟ್ಬನ್ನಿ."

"ಇಷ್ಟು ಕಷ್ಟಪಟ್ಟು ಉಳಿಸಿದ್ದನ್ನ ಊರಿಗೆ ಹಂಚ್ತೀಯಾ? ನಿಮ್ಮಮ್ಮನದು ಕಣೇ!"

"ಒಂದೇ ಪೊಟ್ಟಣದಲ್ಲಿ ಇಟ್ಕೊಂಡು ಕೂತಿದ್ದು ನನ್ನದೇ ತಪ್ಪು. ಹತ್ತು ಅಂಗಳದಲ್ಲಿ ಇದ್ರೆ ಒಂದು ಕಡೆ ಹೋದ್ರೂ ಇನ್ನೊಂದು ಕಡೆ ಕೇಳಿ ತರಬಹುದು." ಅವಳು ಅವನ ಟೋಪಿಯನ್ನು ನೆಟ್ಟಗೆ ಕೂರಿಸಿದಳು. "ಹೋಗ್ಬನ್ನಿ. ಬೇರು ಒಣಗುತ್ತೆ."

ಹೋಲ್ಮತ್ ಗೊಣಗುತ್ತ ಕೈಗಾಡಿ ತಳ್ಳಿಕೊಂಡು ಹೊರಟ. ಮೊದಲ ಮನೆಯ ಗೇಟಿನಲ್ಲಿ ಗೊಣಗಿದ, ಎರಡನೆಯದರಲ್ಲಿ ಗಿಡವನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಟ್ಟ, ಮೂರನೆಯದರಲ್ಲಿ ಮನೆಯವರು ಅದನ್ನು ಗುಂಡಿಗೆ ಇಳಿಸುವಾಗ ತಾನೇ ಬಗ್ಗಿ, "ಒತ್ತಬೇಡ್ರಮ್ಮ, ಬೇರಿಗೆ ಉಸಿರಾಡೋಕೆ ಜಾಗ ಬೇಕು," ಎಂದ. ಮಮಾಸೋಲಿಯ ತಂದೂರಿನ ಹತ್ತಿರ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕೈಗಾಡಿಯಲ್ಲಿ ಒಂದೇ ಡಬ್ಬಿ ಉಳಿದಿತ್ತು.

"ಅತ್ತಿಗೆ ಕಳಿಸಿದ್ರಾ?" ಎಂದು ಮಮಾಸೋಲಿ ಹಿಟ್ಟಿನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡ. ತಿರುಗಿಸಿ ನೋಡಿದ, ಅನುಮಾನದಿಂದ ಒಂದು ಎಲೆ ಮುಟ್ಟಿದ. "ಹೋಲ್ಮತಣ್ಣ, ನಿಜ ಹೇಳು. ಇದು ಹೂವೋ, ಸೊಪ್ಪೋ?"

"ಹೂವು ಬಂದ್ರೆ ಹೂವು," ಎಂದ ಹೋಲ್ಮತ್, ಕೈಗಾಡಿಯ ಅಂಚಿನ ಮೇಲೆ ಕೂತು ಮಂಡಿ ಉಜ್ಜಿಕೊಳ್ಳುತ್ತ. "ಬರದಿದ್ರೆ ಹೇಳು, ಮನೇಲಿ ಬೋಗುಣಿ ಇದೆ."